ಪುಸ್ತಕದ ಪ್ರಕಾರ ಓಡದ ಎಂಜಿನ್ನು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ರೇಗಬೇಡಿ. ಆ ವ್ಯಾನಿನ ಎಂಜಿನ್ನನ್ನು ಸೀಟಕ್ಕ ಬೇಕೆಂದೇ ಕೆಡಿಸಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಅಂಗಳದಲ್ಲಿ, ಯಾರೂ ನೋಡುತ್ತಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಕೈಯಾರೆ ಕೆಡಿಸಿದ್ದಳು. ಐವತ್ತೆರಡು ವರ್ಷದ ಹೆಂಗಸು, ಊರಿನ ಅರ್ಧಕ್ಕರ್ಧ ಬಸ್ಸು ಲಾರಿಗಳಿಗೆ ಸೀಟು ಹೊಲಿದವಳು, ಗಿರಾಕಿಗಳು ಎದುರು ನಿಂತು ಮಾತಾಡಲು ಹಿಂದೆಮುಂದೆ ನೋಡುವಂಥವಳು, ತನ್ನದೇ ಗಾಡಿಯ ಹಿಂದೆ ಬಗ್ಗಿ ಕುಳಿತು ಕಳ್ಳತನ ಮಾಡುವವರ ಹಾಗೆ ಕೆಲಸ ಮಾಡಿದ್ದಳು. ಯಾಕೆಂದರೆ ಏಳು ವರ್ಷದಿಂದ ಬೇರೆ ಊರಿನಲ್ಲಿರುವ ಗಂಡನನ್ನು ಕರೆಸಬೇಕಿತ್ತು. ಕರೆಸಲು ಒಂದು ಕಾರಣ ಬೇಕಿತ್ತು. ‘ನೀನು ಬೇಕು’ ಅನ್ನುವುದು ಅವಳ ಪ್ರಕಾರ ಒಂದು ಕಾರಣವೇ ಅಲ್ಲ.

ಅವಳ ತಂಗಿ ಇದನ್ನು ಮುಖಕ್ಕೇ ಹೇಳಿದ್ದಳು. ಎರಡು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟಿರುವ ಈ ತಂಗಿ ದಿನಾ ಸಂಜೆ ಚಹಾಕ್ಕೆ ಬರುತ್ತಿದ್ದಳು. ಅಕ್ಕ ರೆಕ್ಸಿನ್ನಿನ ರಾಶಿಯ ನಡುವೆ ಕೂತು ಹೊಲಿಯುತ್ತಲೇ ಚಹಾ ಕುಡಿಯುವುದನ್ನು ನೋಡುತ್ತ, ಫೋನ್ ಎತ್ತಿ ಭಾವನಿಗೆ ‘ಬಾ’ ಅಂದರೆ ನಿನ್ನ ನಾಲಿಗೆಯೇನು ಸವೆದುಹೋಗುತ್ತದಾ ಎಂದು ಕೇಳುತ್ತಿದ್ದಳು. ಹೋದವನು ತಾನಾಗಿ ಬರಬೇಕು, ನಾನ್ಯಾಕೆ ಹಲ್ಲುಗಿಂಜಲಿ ಎಂದು ಅಕ್ಕ. ಇಬ್ಬರಿಗೂ ಹಠ, ನಿಮ್ಮನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಬೇಕು ಎಂದು ತಂಗಿ. ಇದೇ ಮಾತು ಏಳು ವರ್ಷ ನಡೆಯಿತು. ಹೇಳಿ, ಮನುಷ್ಯರು ಮಾಡುವ ಕೆಲಸವೇ ಇದು?

ಗಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹತ್ತು ಮಂದಿ ಕೆಲಸ ಮಾಡುವ ಒಂದು ಗ್ಯಾರೇಜಿನಲ್ಲಿ ಅವನೇ ಹಿರಿಯ. ರಸ್ತೆಯ ಆ ತುದಿಯಲ್ಲಿ ಲಾರಿ ತಿರುಗುವಾಗಲೇ ಅದರ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುವಷ್ಟು ಕಿವಿ ಚುರುಕು. ಆ ಗ್ಯಾರೇಜು ಮುಚ್ಚಿತು. ಆಗ ಐದು ಗಂಟೆಯ ಹಾದಿಯಲ್ಲಿರುವ ಬಂದರಿನ ಊರಿನಿಂದ, ದೋಣಿ ಕಟ್ಟುವ ಅಂಗಳಕ್ಕೆ ಬರುತ್ತೀಯಾ ಎಂದು ಕರೆ ಬಂತು. ಅವನು ಹೋಗೋಣ ಎಂದ. ಹೋಗುವುದು ಹೇಗೆ? ಸೀಟಕ್ಕನ ತಾಯಿ ಹಾಸಿಗೆ ಹಿಡಿದು ಒಳಕೋಣೆಯಲ್ಲಿದ್ದರು, ಮಗ್ಗುಲು ಬದಲಾಯಿಸಲೂ ಜನ ಬೇಕು. ಅತ್ತೆಯನ್ನು ವ್ಯಾನಿನಲ್ಲೇ ಮಲಗಿಸಿಕೊಂಡು ಹೋಗೋಣ ಎಂದು ಅವನು. ಅಮ್ಮ ದಾರಿಯಲ್ಲೇ ಕಣ್ಣು ಮುಚ್ಚಿದರೆ ನೀನು ಜವಾಬ್ದಾರನಾ ಎಂದು ಇವಳು. ಮೂರು ದಿನ ಜಗಳವಾಯಿತು. ನಾಲ್ಕನೆಯ ದಿನ ಇವಳು, ಹೋಗೋದಾದ್ರೆ ಹೋಗು, ನಿನ್ನನ್ನೇನೂ ಕಟ್ಟಿಹಾಕಿಲ್ಲ ಅಂದಳು. ಅವನು ಒಂದು ಚೀಲ ತುಂಬಿಕೊಂಡು ಹೋದ. ಅಷ್ಟೇ ನಡೆದದ್ದು. ಮೂರನೆಯವರು ಯಾರೂ ಇಲ್ಲ, ಕುಡಿತವಿಲ್ಲ, ಹೊಡೆತವಿಲ್ಲ. ಮಕ್ಕಳಿದ್ದರೆ ಅವರ ನೆಪದಲ್ಲಾದರೂ ಮಾತು ಬೆಳೆಯುತ್ತಿತ್ತೇನೋ, ಮಕ್ಕಳೂ ಇರಲಿಲ್ಲ.

ತಾಯಿ ಹೋದಾಗ ಅವನು ಬಂದಿದ್ದ. ಎರಡು ದಿನ ಜನರ ನಡುವೆ ನಿಂತ, ಕುರ್ಚಿ ಎತ್ತಿಟ್ಟ, ಬಂದವರಿಗೆ ನೀರು ಕೊಟ್ಟ. ಈಗ ಮಾತಾಡುತ್ತಾನೆ, ಈಗ ಮಾತಾಡುತ್ತಾನೆ ಎಂದು ಇವಳು ಕಾದಳು. ಮೂರನೆಯ ದಿನ ಹೊರಟೇ ಹೋದ. ಅಲ್ಲಿಯವರೆಗೆ ಅವಳು ಪ್ರತಿ ಭಾನುವಾರ ವ್ಯಾನಿನ ಎಂಜಿನ್ನು ಹತ್ತು ನಿಮಿಷ ಓಡಿಸಿ ಆರಿಸುತ್ತಿದ್ದಳು. ಆ ಸದ್ದು ಕೇಳಿದರೆ ಅವನು ಹಿಂದೆ ಎಲ್ಲೋ ನಿಂತು ಕೈ ಒರೆಸಿಕೊಳ್ಳುತ್ತಿದ್ದಾನೆ ಅನ್ನಿಸುತ್ತಿತ್ತು. ಆ ದಿನದಿಂದ ಅದನ್ನೂ ನಿಲ್ಲಿಸಿದಳು. ವ್ಯಾನು ಎರಡು ವರ್ಷ ನಿಂತಲ್ಲೇ ನಿಂತಿತು.

ವ್ಯಾನಿಗೆ ಬೀದಿಯವರು ಇಟ್ಟ ಹೆಸರು ಬಸವನಹುಳು. ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋಗುತ್ತದೆ, ಹೋಗುವುದೂ ಹಾಗೇ. ಒಳಗೆ ಮಡಚುವ ಹಾಸಿಗೆ, ಒಂದು ಉರಿಯ ಒಲೆ, ಎರಡು ಲೋಟ ಹಿಡಿಯುವ ಕಪಾಟು, ಅವಳೇ ಹೊಲಿದ ಹಳದಿ ಪರದೆ. ಎಂಜಿನ್ನು ಹಿಂಬದಿಯಲ್ಲಿ. ಮದುವೆಯಾದ ಎರಡನೆಯ ವರ್ಷ ಗಂಡಹೆಂಡತಿ ಸೇರಿ ಆ ಎಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿದ್ದರು. ಮಾರನೆಯ ಬೆಳಿಗ್ಗೆ ಸಮುದ್ರಕ್ಕೆ ಹೊರಡುವುದೆಂದು ಮಾತಾಗಿತ್ತು. ಜೋಡಿಸಿ ಮುಗಿದ ಮೇಲೆ ನೋಡಿದರೆ, ನಾಲ್ಕು ಸಿಲಿಂಡರಿಗೂ ಸರದಿಯ ಮೇಲೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕೆಳಗಿನ ಪುಟ್ಟ ಕಡ್ಡಿ ಅರ್ಧ ಸುತ್ತು ತಿರುಗಿ ಕೂತುಬಿಟ್ಟಿದೆ. ಸರಿಮಾಡಬೇಕೆಂದರೆ ಮತ್ತೆ ಎಲ್ಲ ಬಿಚ್ಚಬೇಕು. ಮೇಸ್ತ್ರಿ ತಲೆ ಮೇಲೆ ಕೈಹೊತ್ತು ಕೂತ. ಆಗ ಇವಳು, ಸೀಟು ತಿರುಗಾಮುರುಗಾ ಕೂತರೆ ಸೀಟು ಯಾಕೆ ಬಿಚ್ಚಬೇಕು, ಕವರನ್ನೇ ತಿರುಗಿಸಿ ಹಾಕಿದರಾಯಿತು ಎಂದಳು. ಅಂದರೆ ಮೇಲಿನ ನಾಲ್ಕು ತಂತಿಗಳನ್ನೂ ಎದುರುಬದುರು ಮಾಡುವುದು, ಇದರ ಜಾಗಕ್ಕೆ ಎದುರಿನದು, ಅದರ ಜಾಗಕ್ಕೆ ಇದು. ಮಾಡಿದರು. ಕೀಲಿ ತಿರುಗಿಸಿದ್ದೇ ತಡ, ಓಡಿತು. ಬೆಳಿಗ್ಗೆ ಸಮುದ್ರಕ್ಕೂ ಹೋದರು.

ಅಲ್ಲಿಂದ ಮುಂದೆ ಬಸವನಹುಳು ಪುಸ್ತಕದ ಪ್ರಕಾರ ಓಡುವುದನ್ನು ಬಿಟ್ಟೇಬಿಟ್ಟಿತು. ಪುಸ್ತಕ ಹೇಳಿದಂತೆ ತಂತಿ ಹಾಕಿದರೆ ಪಟಾರೆಂದು ಸಿಡಿಯುತ್ತದೆ, ಹೊತ್ತಿಕೊಳ್ಳುವುದಿಲ್ಲ. ತಪ್ಪಾಗಿ ಹಾಕಿದರೆ ಮಾತ್ರ ಜೀವ ಬರುತ್ತದೆ. ಈ ಗುಟ್ಟು ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು. ಒಬ್ಬರು ಬಂದರಿನ ಊರಿನಲ್ಲಿ, ಇನ್ನೊಬ್ಬರು ಇಲ್ಲಿ.

ಈಗ ಅರ್ಥವಾಯಿತಲ್ಲ? ಸೀಟಕ್ಕ ಆ ಭಾನುವಾರ ಮಾಡಿದ್ದು ಇಷ್ಟೇ: ನಾಲ್ಕು ತಂತಿಗಳನ್ನೂ ಕಿತ್ತು ಪುಸ್ತಕದಲ್ಲಿರುವಂತೆ, ಸರಿಯಾಗಿ, ಹಾಕಿದಳು. ಗಿರಾಕಿಯೊಬ್ಬನ ಬ್ಯಾಟರಿ ಇಸಕೊಂಡು ಕೀಲಿ ತಿರುಗಿಸಿದಳು. ಪಟಾರ್. ಒಳಗೆ ಹೋಗಿ ಕೈ ತೊಳೆದು ಫೋನ್ ಮಾಡಿದಳು. ವ್ಯಾನು ಕೆಟ್ಟಿದೆ, ಮೂಲೆಯ ಮೆಕ್ಯಾನಿಕ್ಕು ಏನೇನೋ ಮುಟ್ಟಿದ, ಪಟಾರ್ ಅನ್ನುತ್ತೆ, ಸ್ಟಾರ್ಟ್ ಆಗಲ್ಲ, ಹೀಗೇ ಬಿಟ್ಟರೆ ಗುಜರಿಗೇ ಹಾಕಬೇಕಾಗುತ್ತೆ ಎಂದು ಒಂದೇ ಉಸಿರಿಗೆ ಹೇಳಿದಳು. ಅವನು, ಗುರುವಾರ ಬರ್ತೀನಿ, ಶನಿವಾರ ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗಬೇಕು, ದೋಣಿ ನೀರಿಗಿಳಿಸೋದಿದೆ ಎಂದ. ಫೋನ್ ಇಟ್ಟು ಅವಳು ಬೆರಳು ಮಡಚಿ ಎಣಿಸಿದಳು. ಎರಡೂವರೆ ದಿನ. ಅಷ್ಟರಲ್ಲಿ ಅವನು ತಾನಾಗಿ ‘ಇರ್ತೀನಿ’ ಅನ್ನಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಗುರುವಾರ ಹತ್ತು ಗಂಟೆಗೆ ಬಂದ. ಅದೇ ಚೀಲ. ಕೂದಲು ಕಿವಿಯ ಮೇಲೆ ಪೂರ್ತಿ ಬೆಳ್ಳಗಾಗಿತ್ತು, ಎರಡು ವರ್ಷದ ಹಿಂದೆ ಅಷ್ಟಿರಲಿಲ್ಲ. ಕತ್ತು ಬಿಸಿಲಿಗೆ ಕಪ್ಪಾಗಿತ್ತು. ಅಂಗಿಯ ಎರಡನೆಯ ಗುಂಡಿ ಬೇರೆ ಬಣ್ಣದ್ದು, ಬೇರೆ ಬಣ್ಣದ ದಾರದಲ್ಲಿ ಗಂಟುಗಂಟಾಗಿ ಹೊಲಿದದ್ದು. ಅದನ್ನು ಕಂಡು ಅವಳಿಗೆ ಒಟ್ಟಿಗೇ ಎರಡು ಅನ್ನಿಸಿತು. ಸದ್ಯ, ಗುಂಡಿ ಹೊಲಿದುಕೊಡುವ ಯಾರೂ ಅಲ್ಲಿಲ್ಲ ಎಂಬ ಸಮಾಧಾನ ಒಂದು. ನನ್ನ ಗಂಡ ಇಂಥ ಗುಂಡಿ ಹಾಕಿಕೊಂಡು ಊರು ಸುತ್ತುತ್ತಿದ್ದಾನಲ್ಲ ಎಂಬ ಸಂಕಟ ಇನ್ನೊಂದು. ಬಾಯಲ್ಲಿ ಬಂದದ್ದು ಮಾತ್ರ, ಚಹಾ ಕುಡೀತೀಯಾ ಎಂದು. ಅವನು ಆಮೇಲೆ ಎಂದು ನೇರ ಅಂಗಳಕ್ಕೆ ಹೋದ.

ಹಿಂದಿನ ಮುಚ್ಚಳ ಎತ್ತಿದ. ಬಗ್ಗಿದ. ಅವಳು ಎರಡು ಹೆಜ್ಜೆ ಹಿಂದೆ ಕೈಕಟ್ಟಿ ನಿಂತಳು. ಅವನು ತಂತಿಗಳನ್ನು ನೋಡಿದ, ಬೆರಳಿನಿಂದ ಒಂದೊಂದನ್ನೇ ಮುಟ್ಟಿ ಎಣಿಸಿದ. ಆಮೇಲೆ ಅವನ ಬೆರಳು ಒಂದು ಕಡೆ ನಿಂತುಬಿಟ್ಟಿತು. ಅವಳೂ ಆಗಲೇ ನೋಡಿದ್ದು. ತಂತಿ ಬದಲಾಯಿಸಿದ ಮೇಲೆ ಅವು ಜೋತಾಡುವುದನ್ನು ಕಂಡು ಸಹಿಸದೆ, ಮೇಣ ಹಚ್ಚಿದ ದಾರದಲ್ಲಿ ನಾಲ್ಕನ್ನೂ ಒತ್ತಾಗಿ ಸುತ್ತಿ, ಸೀಟಿನ ಅಂಚಿಗೆ ಹಾಕುವ ಅದೇ ಜೋಡಿಗಂಟು ಹಾಕಿ, ತುದಿಯನ್ನು ಒಳಕ್ಕೆ ಸೇರಿಸಿ ಕತ್ತರಿಸಿದ್ದಳು. ಕಳ್ಳತನ ಮಾಡಿ ಹೋಗುವಾಗ ಮನೆ ಗುಡಿಸಿ ಇಟ್ಟಂತೆ. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಮಾಡಿಬಿಟ್ಟಿತ್ತು.

ಅವನು ಗಂಟನ್ನು ಹೆಬ್ಬೆರಳಲ್ಲಿ ಸವರಿದ.

“ಮೂಲೆ ಮೆಕ್ಯಾನಿಕ್ಕು ಹೊಲಿಗೇನೂ ಕಲ್ತಿದಾನೆ ಅಂತ ಕಾಣುತ್ತೆ” ಎಂದ.

ಅವಳ ಕಿವಿ ಕೆಂಡವಾಯಿತು. ಏನೋ ಗೊತ್ತಿಲ್ಲ, ಈಗಿನ ಹುಡುಗರು ಎಲ್ಲ ಕಲಿತಿರುತ್ತಾರೆ ಎಂದು ಗೊಣಗಿದಳು. ಆ ಮೆಕ್ಯಾನಿಕ್ಕಿಗೆ ಅರವತ್ತೈದು ವರ್ಷ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅವನು ಹಿಂತಿರುಗಿ ನೋಡಲಿಲ್ಲ, ನಗಲೂ ಇಲ್ಲ. ಗಂಟನ್ನು ಕತ್ತರಿಸದೆ ನಿಧಾನವಾಗಿ ಬಿಡಿಸಿ, ದಾರ ಸುತ್ತಿ ಜೇಬಿಗೆ ಹಾಕಿಕೊಂಡ. ತಂತಿಗಳನ್ನು ಎದುರುಬದುರು ಮಾಡಿದ. ಇನ್ನೇನು, ಮುಗಿಯಿತು. ಕೀಲಿ ತಿರುಗಿಸಿದರೆ ಓಡುತ್ತದೆ, ಚಹಾ ಕುಡಿಯುತ್ತಾನೆ, ಸಂಜೆಯ ಬಸ್ಸಿಗೇ ಹೋಗುತ್ತಾನೆ. ತನ್ನ ಬುದ್ಧಿಗೆ ತಾನೇ ಹಿಡಿಶಾಪ ಹಾಕುತ್ತ ಅವಳು ಗೋಡೆಗೆ ಒರಗಿದಳು.

ಕೀಲಿ ತಿರುಗಿಸಿದ. ಎಂಜಿನ್ನು ಗರಗರ ತಿರುಗಿತು. ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ.

ಅವನು ಮೊದಲ ಸಲ ಅವಳ ಮುಖ ನೋಡಿದ. ಅವಳೂ ಬೆಪ್ಪಾಗಿ ಅವನನ್ನು ನೋಡಿದಳು. ಬೇರೆ ಏನೂ ಮುಟ್ಟಿಲ್ಲ, ಅಷ್ಟೇ ಮಾಡಿದ್ದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ಕಷ್ಟಪಟ್ಟು ನುಂಗಿದಳು. ಅಲ್ಲ, ಗಾಡಿ ಕೆಡಿಸುವ ಮೊದಲು ಅದು ಓಡುತ್ತದೆಯೋ ಇಲ್ಲವೋ ಎಂದು ನೋಡಬೇಡವೇ? ಅಷ್ಟು ಯೋಚನೆ ಮಾಡಿದವಳಿಗೆ ಇಷ್ಟು ಹೊಳೆದಿರಲಿಲ್ಲ. ಎರಡು ವರ್ಷ ನಿಂತ ಎಂಜಿನ್ನು ನಿಜವಾಗಿಯೂ ಕೆಟ್ಟು ಕೂತಿತ್ತು.

ಮೇಸ್ತ್ರಿ ಅಂಗಿ ಬಿಚ್ಚಿ ವ್ಯಾನಿನ ಕನ್ನಡಿಯ ಮೇಲೆ ನೇತುಹಾಕಿದ. ಆಮೇಲೆ ನಡೆದದ್ದು ನಾಟಕವಲ್ಲ, ಕೆಲಸ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದ. ಪೆಟ್ರೋಲು ಹಳಸಿ ವಾರ್ನಿಷ್ಷಿನ ವಾಸನೆ ಬರುತ್ತಿತ್ತು. ಅದನ್ನೆಲ್ಲ ಬಸಿದರು. ಕಾರ್ಬುರೇಟರ್ ಬಿಚ್ಚಿ, ಕೂದಲೆಳೆಯಷ್ಟು ಸಣ್ಣ ತೂತುಗಳಲ್ಲಿ ಕಟ್ಟಿಕೊಂಡಿದ್ದ ಅಂಟನ್ನು ಅವಳು ತನ್ನ ತೆಳು ಸೂಜಿಗಳಲ್ಲಿ ಒಂದೊಂದಾಗಿ ಕೆದಕಿ ತೆಗೆದಳು, ಅವನು ಊದಿ ಬೆಳಕಿಗೆ ಹಿಡಿದ. ಗಿರಾಕಿಗಳು ಬಂದು ಕೂಗಿದರೂ ಅವಳು ಅಂಗಡಿಯ ಕಡೆ ಹೋಗಲಿಲ್ಲ. ಸಂಜೆ ತಂಗಿ ಬಂದಳು, ಅಂಗಳದ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು, ಚಹಾ ಕೂಡ ಕೇಳದೆ ಹಿಂದಿನ ಹೆಜ್ಜೆಯಲ್ಲೇ ವಾಪಸು ಹೋದಳು.

ಅವನು ವ್ಯಾನಿನಲ್ಲೇ ಮಲಗುತ್ತೇನೆ ಎಂದ. ಅವಳು ಹಾಸಿಗೆಗೆ ಒಗೆದ ಹೊದಿಕೆ ಕೊಟ್ಟಳು, ಬೇಡ ಎಂದರೂ ಬಿಡದೆ ದಿಂಬೂ ಕೊಟ್ಟಳು. ಶುಕ್ರವಾರ ಬೆಳಗಾಗುವಾಗ ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಹಳದಿ ಪರದೆ ಸ್ವಲ್ಪ ಸರಿದು ಅವನ ಒಂದು ಅಂಗಾಲು ಕಾಣುತ್ತಿತ್ತು. ಮೊದಲಿನಿಂದಲೂ ಅವನಿಗೆ ಕಾಲು ಹೊದಿಕೆಯೊಳಗೆ ನಿಲ್ಲುವುದಿಲ್ಲ. ಎಷ್ಟು ಚಳಿಯ ಊರಿಗೆ ಹೋದರೂ ಅವಳೇ ಎದ್ದು ಹೊದಿಸಬೇಕು. ಚಹಾ ಉಕ್ಕಿ ಒಲೆ ಆರುವವರೆಗೂ ಅವಳು ಆ ಅಂಗಾಲನ್ನು ನೋಡುತ್ತ ನಿಂತಳು. ಹತ್ತು ಹೆಜ್ಜೆ ನಡೆದು ಹೋಗಿ ಹೊದಿಸಬಹುದಿತ್ತು. ಆಸೆಯೂ ಆಯಿತು. ಹೋಗಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಎಂಜಿನ್ನು ಹೊತ್ತಿಕೊಂಡಿತು. ಆದರೆ ಕುಂಟುತ್ತ, ಇಡೀ ವ್ಯಾನನ್ನು ಅಲುಗಿಸುತ್ತ. ಅವನು ಕಣ್ಣು ಮುಚ್ಚಿ ಕೇಳಿ, ಮೂರನೆಯ ಸಿಲಿಂಡರು ಸತ್ತಿದೆ ಎಂದ. ಆರಿಸಿ, ಆ ಬದಿಯ ಮುಚ್ಚಳ ಬಿಚ್ಚಿದರು. ಅಲ್ಲಿ ವಾಲ್ವುಗಳು ಸಾಲಾಗಿರುತ್ತವೆ. ಎಂಜಿನ್ನು ತಿರುಗಿದಂತೆ ಒಂದೊಂದೇ ಒಳಗೆ ಹೋಗಿ ಹೊರಗೆ ಬರಬೇಕು. ಒಂದು ಮಾತ್ರ ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ನಿಂತು ನಿಂತು ತುಕ್ಕಿಗೆ ಹಿಡಿದುಕೊಂಡಿತ್ತು. ಜೋರಾಗಿ ಹೊಡೆದರೆ ಬಾಗುತ್ತದೆ, ಬಾಗಿದರೆ ಎಂಜಿನ್ನು ಪೂರ್ತಿ ಇಳಿಸಬೇಕು. ಎಣ್ಣೆ ಹನಿಸಬೇಕು, ಮೆಲ್ಲಗೆ ತಟ್ಟಬೇಕು, ಕೈಯಲ್ಲಿ ಎಂಜಿನ್ನು ತಿರುಗಿಸಬೇಕು, ಮತ್ತೆ ಎಣ್ಣೆ.

“ನನ್ನ ಕೈ ಈಗ ದೋಣಿ ಕೈ ಆಗ್ಬಿಟ್ಟಿದೆ, ದೊಡ್ಡ ಸುತ್ತಿಗೇನೇ ಅಭ್ಯಾಸ” ಎಂದ ಅವನು. “ನೀನು ತಟ್ಟು.”

ಅವಳು ಸೀಟಿನ ಮೊಳೆಗೆ ಬಳಸುವ ಪುಟ್ಟ ಮರದ ಸುತ್ತಿಗೆ ತಂದು, ಹಳೆ ಸ್ಪಂಜು ಹಾಸಿಕೊಂಡು ವ್ಯಾನಿನ ಅಡಿ ಮಲಗಿದಳು. ಅವನು ಮೇಲೆ ನಿಂತು ಸ್ಪ್ಯಾನರಿನಲ್ಲಿ ಎಂಜಿನ್ನು ತಿರುಗಿಸಿದ. ಅವಳಿಗೆ ಅವನ ಕಾಲು ಮಾತ್ರ ಕಾಣುತ್ತಿತ್ತು, ಅವನಿಗೆ ಅವಳ ಚಪ್ಪಲಿ ಮಾತ್ರ. ಬಂತಾ ಎಂದು ಅವನು ಕೇಳುವುದು, ಇಲ್ಲ ಎಂದು ಅವಳು ಹೇಳುವುದು, ತಟ್ಟುವುದು. ಹೀಗೆ ಇಡೀ ದಿನ. ಮುಖ ಕಾಣದಿದ್ದರೆ ಮಾತು ಎಷ್ಟು ಸುಲಭ ನೋಡಿ. ಅಲ್ಲಿ ಊಟಕ್ಕೆ ಏನು ಮಾಡುತ್ತೀಯ ಎಂದು ಕೇಳಿದಳು. ನಿಂತುಕೊಂಡೇ ಉಣ್ಣುತ್ತೇನೆ, ಒಬ್ಬನೇ ಕೂತು ಉಣ್ಣಲು ಬೇಸರ ಎಂದ. ಕೋಣೆಯ ಕಿಟಕಿ ದೋಣಿಯಂಗಳಕ್ಕೆ ಇದೆ, ಭಾನುವಾರ ಸದ್ದಿಲ್ಲದಾಗ ಬಹಳ ಉದ್ದದ ದಿನ ಅನ್ನಿಸುತ್ತದೆ ಎಂದ. ನಿನಗೆ ಎಂದು ಕೇಳಿದ. ನನಗೇನು, ಕೈತುಂಬ ಕೆಲಸ ಎಂದಳು. ತಟ್ಟಿದಳು. ನಾಲ್ಕು ಸಲ ತಟ್ಟಿದ ಮೇಲೆ, ಅಮ್ಮ ಇದ್ದಾಗ ಅವರನ್ನು ಬೈಯ್ಯಲಾದರೂ ಬಾಯಿ ತೆರೆಯುತ್ತಿದ್ದೆ, ಈಗ ಮಿಷಿನ್ನಿನ ಜೊತೆಗೇ ಮಾತು ಎಂದಳು. ಸ್ಪ್ಯಾನರು ಮೇಲೆ ಸುಮ್ಮನೆ ನಿಂತಿತು. ಈಗ ಅನ್ನುತ್ತಾನೆ, ಈಗ ಇರುತ್ತೇನೆ ಅನ್ನುತ್ತಾನೆ ಎಂದು ಅವಳು ಉಸಿರು ಹಿಡಿದು ಆ ಎರಡು ಪಾದಗಳನ್ನೇ ನೋಡಿದಳು. ಅವನು, ಇನ್ನೂ ಸ್ವಲ್ಪ ಎಣ್ಣೆ ಹಾಕು ಎಂದ.

ಶನಿವಾರ ಬೆಳಿಗ್ಗೆ ಎಂಟಕ್ಕೆ ವಾಲ್ವು ಸಡಿಲವಾಯಿತು. ಮೊದಲು ಒಂದು ಕಾಳಿನಷ್ಟು, ಆಮೇಲೆ ಪಟಕ್ಕನೆ ಪೂರ್ತಿ ಹೊರಗೆ ಬಂತು. “ಬಂತು, ಬಂತು” ಎಂದು ಅವಳು ಕೂಗಿ ಎದ್ದಳು, ಏಳುವ ರಭಸಕ್ಕೆ ಹಣೆ ಬಂಪರಿಗೆ ಬಡಿಯಿತು. ಅವನು ಓಡಿಬಂದು ಎಣ್ಣೆ ಕೈಯಲ್ಲೇ ಹಣೆ ಒತ್ತಿ ಹಿಡಿದ. ಎಷ್ಟು ಹೊತ್ತು ಹಿಡಿದ ಎಂದು ಹೇಳಲಾರೆ. ಊತ ಬರದಿರಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಾಚಿಕೆಯಾಯಿತು, ಅವನು ಮುಚ್ಚಳ ಹಾಕಲು ಹೋದ, ಅವಳು ಮುಖ ತೊಳೆಯಲು ಹೋದಳು.

ಎಂಜಿನ್ನು ಓಡಿತು. ನಾಲ್ಕಕ್ಕೆ ನಾಲ್ಕೂ. ಮೊದಲು ಒಂದಿಷ್ಟು ನೀಲಿ ಹೊಗೆ ಉಗುಳಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಳೆಯ ಆ ಒಂದೇ ಸಮನೆಯ ಗುಟುಗುಟು ಸದ್ದಿಗೆ ಇಳಿಯಿತು. ಆ ಸದ್ದಿನಲ್ಲಿ ಅವಳಿಗೆ ಅವನ ಜೊತೆ ಕಳೆದ ಹತ್ತೊಂಬತ್ತು ವರ್ಷಗಳೂ ಒಟ್ಟಿಗೆ ಕೇಳಿಸಿದವು. ಅವಳು ಬಚ್ಚಲಿನಲ್ಲೇ ನಿಂತು ಅತ್ತಳು, ನಲ್ಲಿ ಬಿಟ್ಟುಕೊಂಡು, ಕೇಳಿಸಬಾರದೆಂದು.

ಹೊರಗೆ ಬಂದಾಗ ಅವನು ಅಂಗಿ ಹಾಕಿಕೊಂಡಿದ್ದ. ಚೀಲ ವ್ಯಾನಿನ ಹಿಂದಿನ ಸೀಟಿನ ಮೇಲಿತ್ತು. ನೀನೇ ಓಡಿಸು, ಬಸ್‌ಸ್ಟ್ಯಾಂಡಿನವರೆಗೆ ಸದ್ದು ಕೇಳುತ್ತ ಕೂರುತ್ತೇನೆ ಎಂದ. ಅವಳು ಓಡಿಸಿದಳು. ದಾರಿಯಲ್ಲಿ ಇಬ್ಬರೂ ಎಂಜಿನ್ನಿನ ವಿಷಯ ಬಿಟ್ಟರೆ ಬೇರೆ ಆಡಲಿಲ್ಲ. ಬಿಸಿಯಾದರೆ ನಿಲ್ಲಿಸು ಎಂದ, ಏರಿನಲ್ಲಿ ಗೇರು ಇಳಿಸು ಎಂದ. ಅವಳು ಹ್ಞೂಂ ಎಂದಳು. ಬಸ್ಸು ನಿಂತಿತ್ತು, ಜನ ಹತ್ತುತ್ತಿದ್ದರು. ಅವಳು ಎದುರುಗಡೆ ವ್ಯಾನು ನಿಲ್ಲಿಸಿದಳು, ಎಂಜಿನ್ನು ಆರಿಸಲಿಲ್ಲ.

ಅವನು ಹಿಂದಿನಿಂದ ಚೀಲ ಎಳೆದು ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಹೇಳಿದ.

“ಪಟಾರ್ ಅನ್ನುತ್ತೆ ಅಂದ್ಯಲ್ಲ ಫೋನಲ್ಲಿ. ಆವಾಗ್ಲೇ ಗೊತ್ತಾಯ್ತು ನಂಗೆ.”

“ಗೊತ್ತಿದ್ದೂ ಬಂದ್ಯಾ?”

“ಗೊತ್ತಾಗಿದ್ದಕ್ಕೇ ಬಂದೆ.”

ಅವಳು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

“ಮತ್ತೆ ಈಗ ಯಾಕೆ ಹೊರಟೆ?”

“ಎಂಜಿನ್ ಸರಿಮಾಡೋಕೆ ಕರೆದೆ, ಮಾಡಿದೆ” ಎಂದ ಅವನು. ಸಿಟ್ಟಿರಲಿಲ್ಲ ದನಿಯಲ್ಲಿ. “ನನ್ನನ್ನ ನೀನು ಇನ್ನೂ ಕರೆದಿಲ್ಲ.”

ನೋಡಿ, ಇದಕ್ಕಿಂತ ಸುಲಭ ಮಾಡಿಕೊಡಲು ಯಾರಿಗೂ ಸಾಧ್ಯವಿಲ್ಲ. ಬಾಗಿಲು ತೆರೆದು ಹಿಡಿದ ಹಾಗೆ. ಒಂದು ಮಾತು ಸಾಕಿತ್ತು, ಒಂದೇ ಒಂದು. ಆ ಮಾತು ಅವಳ ಎದೆಯಿಂದ ಹೊರಟು ಗಂಟಲಿನವರೆಗೆ ಬಂತು. ಅಲ್ಲಿ ಏಳು ವರ್ಷದಿಂದ ಕೂತಿದ್ದ ಏನೋ ಒಂದು ಅದನ್ನು ತಡೆಯಿತು. ನಾನೇ ಸೋಲಬೇಕಾ ಅಂತಲೋ, ಎರಡು ವರ್ಷದ ಹಿಂದೆ ಯಾಕೆ ಹಾಗೇ ಹೋದೆ ಅಂತಲೋ. ಅವಳ ಬಾಯಿಂದ ಬಂದದ್ದು,

“ಬಸ್ಸು ತುಂಬುತ್ತೆ. ಹೋಗು, ಆಮೇಲೆ ಕೂರೋಕೆ ಜಾಗ ಸಿಗಲ್ಲ.”

ಅವನು ತಲೆಯಾಡಿಸಿದ. ಇಳಿದ, ಬಾಗಿಲನ್ನು ಮೆಲ್ಲಗೆ ಹಾಕಿದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತದ್ದು ಕಾಣಿಸಿತು, ಈ ಕಡೆಯ ಕಿಟಕಿಯಲ್ಲ, ಆ ಕಡೆಯದು. ಬಸ್ಸು ಹೋಯಿತು.

ಅವಳು ಅಲ್ಲೇ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಅವನು ಕೂತ ಗುಳಿ ಇನ್ನೂ ಇತ್ತು, ಒಳ್ಳೆಯ ಸ್ಪಂಜು ನಿಧಾನಕ್ಕೆ ಏಳುತ್ತದೆ. ನೋಡುತ್ತಿದ್ದಂತೆ ಅದು ಎದ್ದು ಸಮನಾಯಿತು. ಯಾರೂ ಕೂತೇ ಇರಲಿಲ್ಲವೇನೋ ಎನ್ನುವಂತಾಯಿತು. ಆಗ ಅವಳಿಗೆ ನಿಜವಾದ ಭಯವಾಯಿತು. ಇನ್ನು ಕೆಡಿಸಲು ಏನೂ ಉಳಿದಿಲ್ಲ, ನೆಪಗಳೆಲ್ಲ ಮುಗಿದವು, ಇವನು ಇನ್ನು ಬರುವುದಿಲ್ಲ. ನನಗೆ ಇವನು ಬೇಕು, ಅಷ್ಟೇ, ಬೇರೆ ಏನೂ ಅಲ್ಲ. ಹಿಂದಿನಿಂದ ಯಾರೋ ಹಾರ್ನು ಹೊಡೆದರು. ಅವಳು ಕ್ಲಚ್ಚು ಒತ್ತಿ, ಬಸ್ಸು ಹೋದ ದಾರಿಗೇ ವ್ಯಾನು ತಿರುಗಿಸಿದಳು.

ಬಸ್ಸನ್ನು ಬೆನ್ನಟ್ಟಿ ಹಿಡಿದಳು ಎಂದುಕೊಳ್ಳಬೇಡಿ. ಬಸವನಹುಳು ಎಲ್ಲಿ, ಬಸ್ಸೆಲ್ಲಿ! ನಲವತ್ತು ದಾಟಿದರೆ ಲೋಟಗಳು ಕಪಾಟಿನಿಂದ ಹಾರುತ್ತವೆ. ಒಂದು ಕಡೆ ನಿಲ್ಲಿಸಿ ತಂಗಿಗೆ ಫೋನ್ ಮಾಡಿ, ಅಂಗಡಿಯ ಹಿಂಬಾಗಿಲು ಹಾಕಿಲ್ಲ, ಹೋಗಿ ಹಾಕು ಎಂದಳು. ಎಲ್ಲಿದ್ದೀಯ ಎಂದು ತಂಗಿ ಕೇಳಿದ್ದಕ್ಕೆ ಹೇಳಿದಳು. ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಬಂತು.

ದಾರಿಯುದ್ದಕ್ಕೂ ‘ನೀನು ಬೇಕು’ ಎಂಬ ಆ ಮಾತನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದಳು. ಮೊದಲ ಸಲ ಹೇಳಿದಾಗ ಕೆಲಸದವರನ್ನು ಗದರಿಸಿದಂತೆ ಬಂತು. ಎರಡನೆಯ ಸಲ ಗಿರಾಕಿಗೆ ಸೀಟು ತಯಾರಾಗಿದೆ ಅಂದ ಹಾಗೆ. ಏರಿನಲ್ಲಿ ಗೇರು ಇಳಿಸಿ ಮತ್ತೆ ಹೇಳಿದಳು, ಅರ್ಧಕ್ಕೇ ನಿಂತಿತು. ಏರು ಮುಗಿದ ಮೇಲೆ ಎಂಜಿನ್ನು ಬಿಸಿಯಾಗಿ ಅರ್ಧ ಗಂಟೆ ಮರದ ಕೆಳಗೆ ನಿಲ್ಲಿಸಬೇಕಾಯಿತು. ಅಲ್ಲೂ ಹೇಳಿಕೊಂಡಳು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರೆ ನೋಡಲಿ.

ಬಂದರಿನ ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ದೋಣಿಯಂಗಳದ ಗೇಟಿನಲ್ಲಿ ಕಾವಲುಗಾರನನ್ನು ಕೇಳಿದಳು. ಮೇಸ್ತ್ರಿಯಾ, ಹಿಂದಿನ ಸಾಲು, ಕೊನೆಯ ಕೋಣೆ ಎಂದ. ತಾರು ಬಳಿದ ಹಲಗೆಗಳ ನಡುವಿನ ಕಿರುದಾರಿಯಲ್ಲಿ ವ್ಯಾನನ್ನು ಇಂಚಿಂಚಾಗಿ ನುಸುಳಿಸಿದಳು. ಸಾಲಿನ ಕೊನೆಯಲ್ಲಿ ಒಂದು ಮೆಟ್ಟಿಲು. ಮೆಟ್ಟಿಲ ಮೇಲೆ ಅವನು ಕೂತಿದ್ದ. ಬಸ್ಸು ಬಂದು ಎರಡು ಗಂಟೆಯಾಗಿರಬೇಕು. ಅವನ ಹಿಂದೆ ಬಾಗಿಲಿಗೆ ಬೀಗ ಹಾಗೇ ಇತ್ತು, ಚೀಲ ಪಕ್ಕದಲ್ಲಿತ್ತು. ಅವನು ಒಳಗೆ ಹೋಗಿಯೇ ಇರಲಿಲ್ಲ.

ಅವಳು ಕಿಟಕಿಯ ಗಾಜು ಇಳಿಸಿದಳು. ಎಂಜಿನ್ನು ಆರಿಸಿದರೆ ಧೈರ್ಯವೂ ಆರಿಹೋದೀತೆಂದು ಓಡುವಂತೆಯೇ ಬಿಟ್ಟಳು. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು.

“ನಿನ್ನನ್ನ ಕರೆಯೋಕೆ ಬಂದೆ” ಎಂದಳು. “ಎಂಜಿನ್ನಿಗಲ್ಲ, ನಿನ್ನನ್ನೇ. ದೋಣಿ ಇಳಿಸಿ ಮುಗಿಸು, ಎಷ್ಟು ದಿನ ಆದ್ರೂ ಇಲ್ಲೇ ಗಾಡೀಲಿ ಕಾಯ್ತೀನಿ. ನೀನಿಲ್ದೆ ನನ್ನ ಕೈಲಿ ಆಗಲ್ಲ.”

ಅವನು ಎದ್ದ. ವ್ಯಾನಿನ ಹತ್ತಿರ ಬಂದು ಕಿಟಕಿಗೆ ಎರಡೂ ಕೈ ಊರಿ ನಿಂತ.

“ಎಂಜಿನ್ ಸದ್ದಿಗೆ ಕೇಳಿಸ್ಲಿಲ್ಲ” ಎಂದ. “ಇನ್ನೊಂದ್ಸಲ ಹೇಳು.”

ಅವನ ಕಿವಿ ಎಂಥದೆಂದು ಅವಳಿಗೆ ಗೊತ್ತಿತ್ತು, ಪೂರ್ತಿ ಕೇಳಿಸಿದೆ ಎಂದೂ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಗಾಜು ಏರಿಸಿ ಗಾಡಿ ತಿರುಗಿಸುತ್ತಿದ್ದಳು. ಸಾಲಿನಲ್ಲಿ ಒಂದೆರಡು ಬಾಗಿಲು ತೆರೆದು ಜನ ಇಣುಕುತ್ತಿದ್ದರು. ಅವಳು ಇನ್ನೊಂದು ಸಲ ಹೇಳಿದಳು, ಈ ಸಲ ಅವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ.